ಮೇಲಿನ ಗಾಂಧಾರಕ್ಕೆ ಹೋದ್ರೆ ದವಡೆ ಬಲಕ್ಕೆ ಸರಿಯುತ್ತೆ: ಮುಖ ಬಿಗಿಯೋದನ್ನ ನಿಲ್ಲಿಸೋದು ಹೇಗೆ?

ಅರ್ಧಾವರ್ತನ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಕರ್ನಾಟಕ ಸಂಗೀತ ಕಲೀತಿದ್ದೀನಿ. ವಯಸ್ಸು 34. ಸೀನಿಯರ್ ಪರೀಕ್ಷೆ ಮುಗಿದಿದೆ, ವಿದ್ವತ್‌ಗೆ ತಯಾರಿ ನಡೀತಿದೆ. ಹೋದ ತಿಂಗಳು ನಮ್ಮ ಬಡಾವಣೆ ದೇವಸ್ಥಾನದಲ್ಲಿ ಮುಕ್ಕಾಲು ಗಂಟೆ ಹಾಡಿದೆ. ನಮ್ಮೆಜಮಾನ್ರು ಮುಂದಿನ ಸಾಲಲ್ಲಿ ಕೂತು ವಿಡಿಯೊ ಮಾಡಿದ್ರು. ಮನೆಗೆ ಬಂದು ನೋಡಿದ್ರೆ ಹಾಡು ಪರವಾಗಿಲ್ಲ, ಮುಖ ಮಾತ್ರ ನೋಡೋ ಹಾಗಿಲ್ಲ.

ತಾರ ಷಡ್ಜದವರೆಗೆ, ಅಂದ್ರೆ ಮೇಲಿನ ಸ್ಥಾಯಿಯ ‘ಸ’ವರೆಗೆ ಸರಿ. ರಿಷಭ (ರಿ) ದಾಟಿ ಗಾಂಧಾರ (ಗ) ಹಿಡಿಯೋ ಹೊತ್ತಿಗೆ ಕೆಳದವಡೆ ಬಲಕ್ಕೆ ಸರಿಯುತ್ತೆ, ಎಡ ಹುಬ್ಬು ಮೇಲೇಳುತ್ತೆ, ಕತ್ತಿನ ನರ ಉಬ್ಬಿ ನಿಲ್ಲುತ್ತೆ. ಮಗಳು "ಅಮ್ಮಾ, ಹುಣಸೆಕಾಯಿ ಕಚ್ಚಿದ ಹಾಗಿದೆ ನಿನ್ನ ಮುಖ" ಅಂದ್ಲು. ನಗು ಬಂತು, ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಟೀಚರ್‌ನ ಕೇಳಿದ್ರೆ "ಮುಖ ಸಡಿಲ ಬಿಡಮ್ಮಾ, ನಗುನಗ್ತಾ ಹಾಡು" ಅಂತಾರೆ. ಕನ್ನಡಿ ಮುಂದೆ ಕೂತು ಹದಿನೈದು ದಿನ ಪ್ರಯತ್ನ ಪಟ್ಟೆ. ಮುಖ ಸಡಿಲ ಬಿಟ್ಟ ತಕ್ಷಣ ದನಿ ದಾರದ ಹಾಗೆ ತೆಳ್ಳಗಾಗುತ್ತೆ, ಇಲ್ಲಾ ಶ್ರುತಿ ಇಳಿಯುತ್ತೆ. ಗಾಂಧಾರ ಬೇಕು ಅಂದ್ರೆ ದವಡೆ ಕೊಡಬೇಕು ಅನ್ನೋ ಲೆಕ್ಕ. ಇದು ಯಾರಿಗಾದ್ರೂ ಆಗಿದೆಯಾ? ಹೇಗೆ ಬಿಡಿಸಿಕೊಂಡ್ರಿ?

ಖಡಕ್ ರೊಟ್ಟಿ, ಹುಬ್ಬಳ್ಳಿ

ಅಕ್ಕಾರ, ನೀವು ಇಷ್ಟಕ್ಕ ನಿದ್ದಿ ಕೆಡಿಸ್ಕೊಂಡೀರಿ? ನಮ್ಮ ಗದಗಿನ ಭೀಮಸೇನ ಜೋಶಿಯವರು ಹಾಡೋವಾಗ ಮುಖ ನೋಡಿರೇನು? ಕಣ್ಣು, ಹುಬ್ಬು, ಬಾಯಿ, ಕೈ, ಭುಜ, ಎಲ್ಲಾ ಸೇರೇ ತಾನ್ ತಗೀತಿದ್ವು. ಹಂಗ ಮಾಡಿದ್ರೂ 2008ರಾಗ ಭಾರತರತ್ನ ಬಂತು. ಮಂದಿ ಹಾಡು ಕೇಳಾಕ ಬಂದಿರ್ತಾರ, ಮುಖ ನೋಡಾಕಲ್ಲ. ಬಿಡ್ರಿ ಅತ್ಲಾಗ.

ಅರ್ಧಾವರ್ತನ, ಬೆಂಗಳೂರು

ಅಣ್ಣಾ, ಅವರ ಮುಖ ಹಾಗಾದಾಗ ದನಿ ಬಿಚ್ಚಿಕೊಳ್ತಿತ್ತು. ನನ್ನದು ಮುಚ್ಚಿಕೊಳ್ಳುತ್ತೆ. ಕಾರ್ಯಕ್ರಮ ಮುಗಿದ ಮೇಲೆ ಎರಡು ದಿನ ಕಿವಿ ಮುಂದೆ ನೋವಿತ್ತು, ಚಪಾತಿ ಅಗಿಯೋಕೂ ಕಷ್ಟ ಆಯ್ತು. ಚೆಂದ ಕಾಣಲಿ ಅಂತ ಮಾತ್ರ ಕೇಳ್ತಿರೋದಲ್ಲ.

ಹಳೇ ಮೇಷ್ಟ್ರು, ಮೈಸೂರು

ಈ ದೂರು ಇವತ್ತಿನದಲ್ಲ ತಾಯಿ. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲೇ ‘ಸಂಗೀತ ರತ್ನಾಕರ’ದಲ್ಲಿ ಗಾಯಕರ 25 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಎಷ್ಟೊಂದು ಮುಖ, ಕತ್ತಿಗೆ ಸೇರಿದವು ನೋಡಿ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ. ಬಾಯಿ ವಿಕಾರವಾಗಿ ತೆರೆಯುವವನು ಕರಾಲಿ. ಒಂಟೆಯಂತೆ ಕತ್ತು ಎತ್ತುವವನು ಕರಭ. ಮುಖದ, ಕತ್ತಿನ ನರ ಉಬ್ಬಿಸುವವನು ಝೋಂಬಕ. ಕತ್ತು ಸೊಟ್ಟ ಮಾಡುವವನು ವಕ್ರೀ. ನಿಮ್ಮ ವರ್ಣನೆ ಪ್ರಕಾರ ನಿಮ್ಮಲ್ಲಿ ಝೋಂಬಕವೂ ಇದೆ, ಸ್ವಲ್ಪ ಸಂದಷ್ಟವೂ ಇದೆ. ಬೇಜಾರು ಮಾಡಿಕೊಳ್ಳಬೇಡಿ. ಕಣ್ಣು ಮುಚ್ಚಿ ಹಾಡುವುದೂ ನಿಮೀಲಕ ಎಂಬ ದೋಷ ಅಂತಾನೆ ಆ ಪುಣ್ಯಾತ್ಮ. ಆ ಲೆಕ್ಕದಲ್ಲಿ ನಾನು ನಲವತ್ತು ವರ್ಷದಿಂದ ಫೇಲು.

ಗಮನಿಸಬೇಕಾದ್ದು ಏನೆಂದರೆ, ಕಾಗೆಯಂಥ ಕರ್ಕಶ ದನಿ, ತಪ್ಪಿದ ಸ್ವರ, ಅಸ್ಪಷ್ಟ ಉಚ್ಚಾರಣೆ ಇವೆಲ್ಲ ಇರುವ ಪಟ್ಟಿಯಲ್ಲೇ ಮುಖವನ್ನೂ ಸೇರಿಸಿದ್ದಾನೆ. ಮುಖವನ್ನು ನಾದದಿಂದ ಬೇರೆ ಇಟ್ಟು ನೋಡಿಲ್ಲ.

ಉಸಿರಿನ ಲೆಕ್ಕ, ಮೈಸೂರು

ನಾನು ಧ್ವನಿ ಚಿಕಿತ್ಸೆ ಕೆಲಸ ಮಾಡೋಳು. ಹಾಡುಗಾರರು, ಮೇಷ್ಟ್ರುಗಳು, ಪುರೋಹಿತರು, ಕಂಡಕ್ಟರುಗಳು ಎಲ್ಲರೂ ಬರ್ತಾರೆ. ಪರೀಕ್ಷೆ ಮಾಡದೆ ನಿಮಗೆ ಇಂಥದೇ ಅಂತ ಹೇಳೋಕಾಗಲ್ಲ, ಆದ್ರೆ ಇದರ ಯಂತ್ರ ಹೇಗೆ ಅಂತ ಹೇಳಬಹುದು.

ಸ್ವರ ಮೇಲೇರಿಸೋ ಕೆಲಸ ದವಡೆಯದಲ್ಲ. ಧ್ವನಿಪೆಟ್ಟಿಗೆ ಮುಂಭಾಗದಲ್ಲಿ ಕ್ರೈಕೊಥೈರಾಯ್ಡ್ ಅನ್ನೋ ಪುಟ್ಟ ಸ್ನಾಯು ಇದೆ. ಅದು ಧ್ವನಿತಂತುಗಳನ್ನ ಎಳೆದು ಉದ್ದ, ತೆಳು ಮಾಡುತ್ತೆ, ಸ್ವರ ಏರುತ್ತೆ. ತಂಬೂರಿ ಬಿರಟೆ ಬಿಗಿ ಮಾಡಿದ ಹಾಗೆ ಅಂದ್ಕೊಳ್ಳಿ. ಈ ಪುಟ್ಟ ಸ್ನಾಯುವಿಗೆ ಅಭ್ಯಾಸ ಸಾಲದಿದ್ರೆ, ಇಲ್ಲಾ ಉಸಿರು ಹದವಾಗಿ ಬರದಿದ್ರೆ, ಅಕ್ಕಪಕ್ಕದ ದೊಡ್ಡ ಸ್ನಾಯುಗಳು ನಾವು ಮಾಡ್ತೀವಿ ಬಿಡು ಅಂತ ನುಗ್ಗುತ್ತವೆ. ಅಗಿಯೋ ಸ್ನಾಯು ಇದೆಯಲ್ಲ, ಮ್ಯಾಸೆಟರ್, ದೇಹದ ಭಾರೀ ಗಟ್ಟಿ ಸ್ನಾಯುಗಳಲ್ಲಿ ಅದೂ ಒಂದು. ಕೊಬ್ಬರಿ ಅಗಿಯೋಕೆ ಹುಟ್ಟಿದ್ದು, ಗಾಂಧಾರ ಹಿಡಿಯೋಕಲ್ಲ.

ಇನ್ನೊಂದು ವಿಷಯ ಹಾಡುಗಾರರಿಗೆ ಯಾರೂ ಹೇಳಿಕೊಡಲ್ಲ. ನಾಲಿಗೆ ಬುಡದಲ್ಲಿ ಕುದುರೆ ಲಾಳದ ಆಕಾರದ ಹಯಾಯ್ಡ್ ಮೂಳೆ ಇದೆ. ಅದು ಬೇರೆ ಯಾವ ಮೂಳೆಗೂ ಕೀಲು ಹಾಕಿಕೊಂಡಿಲ್ಲ, ಸ್ನಾಯು ಮತ್ತು ನಾರುಗಳಲ್ಲೇ ಜೋತಾಡ್ತಿರುತ್ತೆ. ಮೇಲ್ಗಡೆಯಿಂದ ದವಡೆಯೂ ನಾಲಿಗೆಯೂ ಅದನ್ನ ಹಿಡಿದಿವೆ, ಕೆಳಗಡೆ ಧ್ವನಿಪೆಟ್ಟಿಗೆ ನೇತಾಡ್ತಿದೆ. ಹಾಗಾಗಿ ದವಡೆ, ನಾಲಿಗೆ ಬುಡ ಬಿಗಿದ್ರೆ ಧ್ವನಿಪೆಟ್ಟಿಗೆಯೂ ಎಳೆದುಕೊಳ್ಳುತ್ತೆ. ಮುಖದಲ್ಲಿ ಕಾಣಿಸೋದು ಅದರ ಬಾಲ ಅಷ್ಟೆ. ಬಾಲ ಹಿಡಿದು ಸಡಿಲ ಮಾಡೋಕೆ ಹೋದ್ರೆ ನೀವು ಹೇಳಿದ ಹಾಗೇ ದನಿ ತೆಳ್ಳಗಾಗುತ್ತೆ, ಯಾಕಂದ್ರೆ ಊರುಗೋಲು ಕಿತ್ತುಕೊಂಡ್ರಿ, ಕಾಲಿಗೆ ಬಲ ಕೊಡಲಿಲ್ಲ.

ಒಂದು ಪರೀಕ್ಷೆ ಮಾಡಿ. ಗದ್ದದ ಮೂಳೆ ಹಿಂದೆ, ಕೆಳಗಡೆ ಮೆತ್ತಗಿರೋ ಜಾಗಕ್ಕೆ ಹೆಬ್ಬೆರಳು ಇಡಿ. ಎಂಜಲು ನುಂಗಿ. ಆ ಜಾಗ ಗಟ್ಟಿಯಾಗಿ ಬೆರಳನ್ನ ಕೆಳಕ್ಕೆ ತಳ್ಳುತ್ತಲ್ಲ, ಅದು ನಾಲಿಗೆ ಬುಡ ಕೆಲಸ ಮಾಡೋ ಗುರುತು. ಈಗ ಬೆರಳು ತೆಗೀದೆ ಮಧ್ಯ ಷಡ್ಜದಿಂದ ಅಕಾರದಲ್ಲಿ ನಿಧಾನವಾಗಿ ಮೇಲೇರಿ. ಯಾವ ಸ್ವರದಲ್ಲಿ ಆ ಜಾಗ ಕಲ್ಲಾಗುತ್ತೆ ಬರೆದಿಟ್ಟುಕೊಳ್ಳಿ. ಕನ್ನಡಿ ಬೇಡ.

ಅರ್ಧಾವರ್ತನ, ಬೆಂಗಳೂರು

ಮೇಡಂ, ಈಗ ಮಾಡಿ ನೋಡಿದೆ. ಗಾಂಧಾರದಲ್ಲಿ ಅಂದ್ಕೊಂಡಿದ್ದೆ. ಮಧ್ಯ ಧೈವತದಲ್ಲೇ ಕಲ್ಲು! ಮುಖದಲ್ಲಿ ಕಾಣೋಕಿಂತ ನಾಲ್ಕು ಸ್ವರ ಮುಂಚೆ. ಅಲ್ಲಿಂದ ಮುಂದೆ ನಾನು ಏನು ಹಾಡಿದ್ರೂ ನುಂಗ್ತಾನೇ ಹಾಡ್ತಿದ್ದೀನಿ ಅನ್ನೋ ಹಾಗಿದೆ.

ಹಲ್ಲಿನ ಡಾಕ್ಟ್ರು, ದಾವಣಗೆರೆ

ಕಿವಿ ಮುಂದೆ ನೋವು ಅಂದಿದ್ದಕ್ಕೆ ಬರೀತಿದ್ದೀನಿ. ಹಾಡು ಗೀಡು ಬಿಟ್ಟು, ಸುಮ್ನೆ ಬಾಯಿ ಅಗಲ ಮಾಡಿ ತೆರೆದು ಮುಚ್ಚಿ. ಆಗಲೂ ದವಡೆ ಬಲಕ್ಕೇ ಹೋಗ್ತಿದ್ರೆ ತೊಂದರೆ ಕೀಲಲ್ಲಿರಬಹುದು, ತೋರಿಸ್ಕೊಳ್ಳಿ. ನೆಟ್ಟಗೆ ಇಳಿದು, ಹಾಡುವಾಗ ಮಾತ್ರ ಸರಿಯುತ್ತೆ ಅಂದ್ರೆ ಅಭ್ಯಾಸ. ತೋರು, ನಡು, ಉಂಗುರ, ನಿಮ್ಮದೇ ಮೂರು ಬೆರಳು ಮೇಲೆ ಕೆಳಗೆ ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ಹಿಡಿಸಬೇಕು. ಹಿಡಿಸದಿದ್ರೆ ಬಾಯಿ ತೆರೆಯೋದೇ ಕಡಿಮೆ ಅಂತ ಅರ್ಥ. ಕೀಲು ಟಕ್ ಅನ್ನೋದು ತುಂಬಾ ಜನಕ್ಕೆ ಇರುತ್ತೆ, ನೋವಿಲ್ಲದಿದ್ರೆ ತಲೆ ಕೆಡಿಸ್ಕೋಬೇಡಿ. ರಾತ್ರಿ ಹಲ್ಲು ಕಡಿಯೋ ಅಭ್ಯಾಸ ಇದೆಯಾ ಯಜಮಾನ್ರನ್ನ ಕೇಳಿ. ಕಡಿಯೋರಿಗೆ ಗೊತ್ತಾಗಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತೆ.

ಚೆಂಡೆಪೆಟ್ಟು, ಉಡುಪಿ

ಡಾಕ್ಟ್ರೆ, ಈ ಮೂರು ಬೆರಳಿನ ವಿಷಯ ನಮ್ಮ ಕಡೆಯ ಯಕ್ಷಗಾನ ಭಾಗವತರಿಗೆ ಹೇಳ್ಬೇಕು. ಕೂತು ಪದ್ಯ ಹೇಳುವುದು ಅಂದ್ರೆ ಸಣ್ಣ ಕೆಲಸ ಅಲ್ಲ ಮಾರಾಯ್ರೆ. ಎದುರು ಚೆಂಡೆ, ಪಕ್ಕದಲ್ಲಿ ಮದ್ದಳೆ, ಕೈಯಲ್ಲಿ ಜಾಗಟೆ, ಮೇಲಿನ ಶ್ರುತಿ. ಮೈಕ್ ಇಲ್ಲದ ಕಾಲದಲ್ಲಿ ಗದ್ದೆಯ ಆಚೆ ಕೂತವನಿಗೂ ಕೇಳ್ಬೇಕಿತ್ತು. ಹಳಬರ ದನಿ ಮುಖದ ಮುಂದೆ ಬಂದು ನಿಲ್ತಿತ್ತು, ಅದಕ್ಕೊಂದು ಬಿಗು ಬೇಕೇ ಬೇಕು. ಈಗ ಮೈಕ್ ಉಂಟು, ಆದ್ರೂ ಹುಡುಗರು ಅದೇ ಬಿಗುವನ್ನು ಕಾಪಿ ಮಾಡ್ತಾರೆ. ಬಾಯಲ್ಲಿ ಎಲೆ ಅಡಿಕೆ ಬೇರೆ.

ಹಲ್ಲಿನ ಡಾಕ್ಟ್ರು, ದಾವಣಗೆರೆ

ಅಡಿಕೆ ವಿಷಯ ತಮಾಷೆ ಅಲ್ಲ ಸರ್. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯೋದು ಬರ್ತಾ ಬರ್ತಾ ಕಡಿಮೆ ಆಗುತ್ತೆ. ಮೂರು ಬೆರಳು ಎರಡಾಗುತ್ತೆ, ಒಂದಾಗುತ್ತೆ. ಅದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಹಾಡೋರು ಮಾತ್ರ ಅಲ್ಲ, ಯಾರೇ ಆಗಲಿ ಬಾಯಿ ಹಿಡಿದ ಹಾಗಾದ್ರೆ ತಡ ಮಾಡದೆ ತೋರಿಸಿ.

ನಾದಲೋಲ

ಇದೇನ್ರೀ ಸಂಗೀತದ ಚರ್ಚೆಯೋ ಆಸ್ಪತ್ರೆಯೋ? ನಮ್ಮ ಹಿರಿಯರು ಹಯಾಯ್ಡ್ ಗಿಯಾಯ್ಡ್ ಗೊತ್ತಿಲ್ಲದೆ ಹಾಡಿದವರು. ಬೆಳಗಿನ ಜಾವ ಎದ್ದು ಮಂದ್ರ (ಕೆಳಸ್ಥಾಯಿ) ಸಾಧನೆ ಮಾಡಿ, ಎಲ್ಲ ಸರಿ ಹೋಗುತ್ತೆ. ಯೂಟ್ಯೂಬ್ ನೋಡಿ ಗಂಟಲು ಹಾಳು ಮಾಡಿಕೊಂಡವರನ್ನ ಬೇಕಾದಷ್ಟು ನೋಡಿದ್ದೀನಿ.

ಹಳೇ ಮೇಷ್ಟ್ರು, ಮೈಸೂರು

ಮಂದ್ರ ಸಾಧನೆ ಒಳ್ಳೆಯದೇ ಸ್ವಾಮಿ, ಬೇಡ ಅಂದವರು ಯಾರು? ಆದರೆ ಗದ್ದವನ್ನು ಎದೆಗೆ ಒತ್ತಿಕೊಂಡು ಮಂದ್ರ ಪಂಚಮ ಹಿಡಿಯುವ ಮಕ್ಕಳನ್ನು ದಿನಾ ನೋಡುತ್ತೇನೆ. ಅವರು ಬೆಳಗಿನ ಜಾವ ಎದ್ದು ಸಾಧಿಸುವುದು ಬಿಗಿತವನ್ನೇ. ಇನ್ನು ಧ್ವನಿಪೆಟ್ಟಿಗೆಯ ಒಳಗನ್ನು ಪುಟ್ಟ ಕನ್ನಡಿ ಹಿಡಿದು ನೋಡುವ ಉಪಾಯ ಕಂಡುಕೊಂಡ ಮಾನುವೆಲ್ ಗಾರ್ಸಿಯಾ ಸಂಗೀತದ ಮೇಷ್ಟ್ರು, ವೈದ್ಯ ಅಲ್ಲ. 1855ರಲ್ಲಿ ಅವನು ಅದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ. ಗಂಟಲು ಏನು ಮಾಡುತ್ತಿದೆ ಎಂದು ಇಣುಕುವ ಚಪಲ ನಮ್ಮವರದೇ.

ಅಕಾರ ಇಕಾರ, ಬೆಂಗಳೂರು

ನಾನು ಚರ್ಚ್ ಕಾಯರ್‌ನಲ್ಲಿ ಹಾಡ್ತೀನಿ, ಸುಗಮ ಸಂಗೀತವೂ ಕಲಿತಿದ್ದೀನಿ. ಅಕ್ಕಾ, ನಿಮ್ಮ ಶ್ರುತಿ, ಅಂದ್ರೆ ಆಧಾರ ಷಡ್ಜ, ಯಾವುದು? ಗಾಂಧಾರದಲ್ಲಿ ಯಾವ ಅಕ್ಷರ ಬರುತ್ತೆ?

ಅರ್ಧಾವರ್ತನ, ಬೆಂಗಳೂರು

ಐದೂವರೆ. ರಾಗ ಕಲ್ಯಾಣಿ. ಆ ಜಾಗದ ಸಾಹಿತ್ಯ ಈ-ಕಾರ. ಅಕಾರದಲ್ಲಾದ್ರೆ ಅರ್ಧ ವಾಸಿ.

ಖಡಕ್ ರೊಟ್ಟಿ, ಹುಬ್ಬಳ್ಳಿ

ಐದೂವರಿ ಅಂದ್ರ ನಮ್ಮ ಕಡೆ ಕರಿ ನಾಕು, ಹಾರ್ಮೋನಿಯಂನ ನಾಕನೇ ಕರಿ ಪಟ್ಟಿ. ಹೆಣ್ಮಕ್ಕಳಿಗೆ ಅದ್ಯಾಕ ಎಲ್ಲಾರಿಗೂ ಅದನ್ನ ಹಚ್ಚತಾರೋ. ಗಂಗೂಬಾಯಿ ಹಾನಗಲ್ಲರ ದನಿ ಟಾನ್ಸಿಲ್ ಆಪರೇಶನ್ ಆದಮ್ಯಾಲ ದಪ್ಪ ಆತು. ಅದನ್ನ ಮೇಲಕ್ಕ ತಳ್ಳಲಿಲ್ಲ, ಇದ್ದ ದನಿಯೊಳಗ ಹಾಡಿದ್ರು. ಇದರ ಮ್ಯಾಲ ಯಾರರ ಮಾತಾಡ್ರಿ.

ಅಕಾರ ಇಕಾರ, ಬೆಂಗಳೂರು

ಅದಕ್ಕೇ ಕೇಳಿದ್ದು. ಲೆಕ್ಕ ನೋಡಿ: ಐದೂವರೆ ಶ್ರುತಿಯಲ್ಲಿ ಹೆಂಗಸರ ಮಧ್ಯ ಷಡ್ಜ ಸುಮಾರು 208 ಹರ್ಟ್ಜ್, ತಾರ ಷಡ್ಜ 415, ಅದರ ಮೇಲಿನ ಅಂತರ ಗಾಂಧಾರ 520ರ ಹತ್ತಿರ. ಬಾಯಿ ಅನ್ನೋ ಗುಡಾಣಕ್ಕೆ ಪ್ರತಿ ಸ್ವರಾಕ್ಷರದಲ್ಲೂ ತನ್ನದೇ ಒಂದು ಅನುನಾದ ಇದೆ. ಈ-ಕಾರದ ಮೊದಲ ಅನುನಾದ 300ರ ಆಸುಪಾಸು, ಆ-ಕಾರದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ಅಂದ್ರೆ ನೀವು ಹಿಡಿಯೋ ಗಾಂಧಾರ ಈ-ಕಾರದ ಗುಡಾಣವನ್ನ ದಾಟಿ ಹೋಗಿದೆ. ಮಾತಾಡುವಾಗಿನ ಈ-ಕಾರವನ್ನೇ, ತುಟಿ ಅಗಲಿಸಿ, ಹಲ್ಲು ಹತ್ತಿರ ಇಟ್ಟು ಅಲ್ಲಿ ಹಿಡೀತೀನಿ ಅಂದ್ರೆ ದನಿಗೆ ಜಾಗವೇ ಇಲ್ಲ. ತೂಬು ಮುಚ್ಚಿ ಪಂಪ್ ಹಾಕಿದ ಹಾಗೆ. ಕೆಳದವಡೆ ಸ್ವಲ್ಪ ಇಳಿಬಿಟ್ಟು, ಈ-ಕಾರವನ್ನ ಎ-ಕಾರದ ಕಡೆಗೆ ಕೂದಲೆಳೆಯಷ್ಟು ವಾಲಿಸಿ. ಕೇಳೋರಿಗೆ ಈ ಅಂತಲೇ ಕೇಳುತ್ತೆ. "ನಗುನಗ್ತಾ ಹಾಡು" ಅನ್ನೋ ಸಲಹೆ ಈ ಜಾಗದಲ್ಲಿ ಉಲ್ಟಾ ಹೊಡೆಯುತ್ತೆ, ನಗು ತುಟಿಯನ್ನ ಇನ್ನೂ ಅಗಲ ಎಳೆಯುತ್ತೆ.

ಹಾಗಂತ ಕಾಯರ್‌ನವರ ಹಾಗೆ ಬಾಯಿ ಬಾವಿ ಮಾಡಬೇಡಿ. ದವಡೆಯನ್ನ ಕೆಳಕ್ಕೆ ಅದುಮಿ ಹಿಡಿಯೋದೂ ಬಿಗಿತವೇ. ನಮ್ಮಲ್ಲಿ ಆ ಕಾಯಿಲೆ ಬೇಕಾದಷ್ಟಿದೆ.

ಕೆಂಡಸಂಪಿಗೆ, ನ್ಯೂಜೆರ್ಸಿ

ನಮ್ಮ ಮಗ ಝೂಮ್‌ನಲ್ಲಿ ಕಲೀತಾನೆ, ಹನ್ನೊಂದು ವರ್ಷ. ಟೀಚರ್‌ಗೆ ಕಾಣೋದು ಮುಖ ಮಾತ್ರ, ಅದಕ್ಕೆ ಮುಖಾನೇ ತಿದ್ದುತ್ತಾರೆ. ಅವನೋ ಪರದೆ ಮೇಲೆ ತನ್ನ ಮುಖ ನೋಡ್ಕೊಂಡು ಹೆಪ್ಪುಗಟ್ಟಿದ ಹಾಗೆ ಕೂತು ಹಾಡ್ತಾನೆ. ತನ್ನ ಚಿತ್ರ ತನಗೆ ಕಾಣದ ಹಾಗೆ ಮಾಡಿಟ್ಟೆ, ಅರ್ಧ ಸರಿಹೋಯ್ತು. ಎದ್ದು ನಿಂತು ಹಾಡು ಅಂದೆ, ಇನ್ನೂ ಸ್ವಲ್ಪ. ಅಷ್ಟೇ ನನ್ನ ಅನುಭವ.

ಹಳೇ ಮೇಷ್ಟ್ರು, ಮೈಸೂರು

ಅರ್ಧಾವರ್ತನ ಅವರೇ, ಇನ್ನೊಂದು ಪ್ರಶ್ನೆ. ಗಮಕ, ಅಂದರೆ ಸ್ವರವನ್ನು ಅಲ್ಲಾಡಿಸುವುದು, ಎಲ್ಲಿ ಮಾಡುತ್ತೀರಿ? ತೋಡಿ ರಾಗದ ಗಾಂಧಾರ ಅಲ್ಲಾಡಿಸಿ, ಕೈಯನ್ನು ಗದ್ದದ ಮೇಲಿಟ್ಟು ನೋಡಿ.

ಅರ್ಧಾವರ್ತನ, ಬೆಂಗಳೂರು

ಅಯ್ಯೋ ಮೇಷ್ಟ್ರೇ. ಗದ್ದ ಹೊಲಿಗೆ ಮಿಷನ್ ಥರ ಕುಣೀತಿದೆ. ಗದ್ದ ಹಿಡಿದುಕೊಂಡ್ರೆ ಗಮಕವೇ ನಿಂತು ಹೋಗುತ್ತೆ! ಒಂಬತ್ತು ವರ್ಷ ಇದನ್ನ ಗಮಕ ಅಂದ್ಕೊಂಡಿದ್ದೆ.

ಹಳೇ ಮೇಷ್ಟ್ರು, ಮೈಸೂರು

ನನಗೆ ಅನುಮಾನ ಇದ್ದದ್ದು ಅಲ್ಲೇ. ನಮ್ಮ ತರಗತಿಗಳಲ್ಲಿ ಇದು ಬಹಳ ಸಾಮಾನ್ಯ. ಮಗುವಿಗೆ ಗಂಟಲಲ್ಲಿ ಸ್ವರ ಎರಡು ಸ್ಥಾನಗಳ ನಡುವೆ ಓಡಾಡುವುದು ಇನ್ನೂ ಬಂದಿರುವುದಿಲ್ಲ, ಮುಂದಿನ ಪಾಠಕ್ಕೆ ಹೋಗುವ ಆತುರ, ದವಡೆ ಅಲ್ಲಾಡಿಸಿದರೆ ಹೆಚ್ಚುಕಡಿಮೆ ಅದೇ ಥರ ಕೇಳುತ್ತದೆ, ಮೇಷ್ಟ್ರು "ಹ್ಞೂಂ" ಅಂದುಬಿಡುತ್ತಾರೆ. ಅಕಾರದ ಬಿರ್ಕಾಗಳಲ್ಲೂ (ವೇಗದ ಸ್ವರಗುಚ್ಛ) ಹಾಗೇ, ಒಂದೊಂದು ಸ್ವರಕ್ಕೆ ಒಂದೊಂದು ಸಲ ದವಡೆ ಬಡಿಯುತ್ತದೆ. ಕೆಳಗಿನ ಸ್ಥಾಯಿಯಲ್ಲಿ ನಡೆದುಹೋಗುತ್ತದೆ, ಮೇಲೆ ಹೋದಾಗ ಬಣ್ಣ ಬಯಲು.

ಶಾರ್ಙ್ಗದೇವನೇ ಹೇಳುವ 15 ಗಮಕಗಳಲ್ಲಿ ಮುದ್ರಿತ ಅಂತ ಒಂದಿದೆ: ಬಾಯಿ ಮುಚ್ಚಿಕೊಂಡು ಮಾಡುವ ಗಮಕ. ಅದನ್ನೇ ಔಷಧಿಯಾಗಿ ತೆಗೆದುಕೊಳ್ಳಿ. ತುಟಿ ಸೇರಿಸಿ, ಒಳಗೆ ಹಲ್ಲುಗಳ ನಡುವೆ ಅಕ್ಕಿಕಾಳಿನಷ್ಟು ಸಂದು ಬಿಟ್ಟು, ಗುಂಯ್‌ಗುಟ್ಟುತ್ತಾ ತೋಡಿ ಗಾಂಧಾರ ಮಾಡಿ. ಬಾಯಿ ಮುಚ್ಚಿದಾಗ ದವಡೆಗೆ ಕೆಲಸವಿಲ್ಲ, ಗಂಟಲೇ ಓಡಾಡಬೇಕು. ಮೊದಲು ಬರುವುದಿಲ್ಲ. ವಿಳಂಬದಲ್ಲಿ, ರಿಷಭ ಮಧ್ಯಮ ರಿಷಭ ಮಧ್ಯಮ ಅಂತ ಎಣಿಸಿಕೊಂಡು ಎಳೆಯಿರಿ, ಆಮೇಲೆ ವೇಗ.

ಉಸಿರಿನ ಲೆಕ್ಕ, ಮೈಸೂರು

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಒಂದು ಜೋಡಿಸ್ತೀನಿ. ತುಟಿ ಬುರ್ರ್ ಅನ್ನಿಸುತ್ತಾ, ಮಕ್ಕಳು ಬಸ್ ಓಡಿಸೋ ಆಟದ ಥರ, ಸರಳೆ ವರಸೆ ಹಾಡಿ. ತುಟಿ, ಕೆನ್ನೆ ಬಿಗಿದ್ರೆ ಬುರ್ರ್ ನಿಂತು ಹೋಗುತ್ತೆ, ಮೋಸ ಮಾಡೋಕೆ ದಾರಿಯಿಲ್ಲ. ಇಲ್ಲಾ ಸಣ್ಣ ಸ್ಟ್ರಾ ಕಚ್ಚದೆ ತುಟಿಯಲ್ಲಿ ಹಿಡಿದು ಅದರೊಳಗೆ ಹಾಡಿ. ದನಿ ಹೊರಹೋಗೋ ಬಾಯಿ ಕಿರಿದಾದಾಗ ಒಳಗೆ ಒತ್ತಡ ನಿಂತು ಧ್ವನಿತಂತುಗಳು ಕಡಿಮೆ ಗುದ್ದಾಟದಲ್ಲಿ ಕಂಪಿಸುತ್ತವೆ. ಇಂಗೊ ಟಿಟ್ಸೆ ಅನ್ನೋ ಧ್ವನಿವಿಜ್ಞಾನಿ ಇದನ್ನ ಪ್ರಚಾರಕ್ಕೆ ತಂದವರು. ದಿನಕ್ಕೆ ಮೂರು ನಾಲ್ಕು ಸಲ, ಎರಡೆರಡೇ ನಿಮಿಷ. ಗಂಟಲು ಒಡೆದ ಹಾಗೆ ಎರಡು ಮೂರು ವಾರ ಇದ್ರೆ ಮಾತ್ರ ಇದ್ಯಾವುದೂ ಬೇಡ, ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಮೈಸೂರು ಕಡೆಯವರಾದ್ರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ.

ಚೆಂಡೆಪೆಟ್ಟು, ಉಡುಪಿ

ಸ್ಟ್ರಾ ಇಲ್ಲದವರು ಬಪ್ಪಂಗಾಯಿ (ಪಪ್ಪಾಯಿ) ದಂಟಿನಲ್ಲಿ ಮಾಡ್ಬಹುದಾ? ಚಿಕ್ಕಂದಿನಲ್ಲಿ ಅದರಲ್ಲಿ ಪೀಪಿ ಊದಿದ್ದೇ ಊದಿದ್ದು.

ಹಲ್ಲಿನ ಡಾಕ್ಟ್ರು, ದಾವಣಗೆರೆ

ಹಾಲು ಬರುತ್ತೆ ಸರ್, ತುಟಿ ಉರಿಯುತ್ತೆ. ಒಂದು ಎಳನೀರು ಕುಡಿದು ಸ್ಟ್ರಾ ತೊಳೆದಿಟ್ಟುಕೊಳ್ಳಿ.

ಅರ್ಧಾವರ್ತನ, ಬೆಂಗಳೂರು (ಏಳು ವಾರದ ನಂತರ)

ಏನಾಯ್ತು ಅಂತ ಹೇಳೋಕೆ ಬಂದೆ. ಬಾಯಿ ಸುಮ್ನೆ ತೆರೆದ್ರೆ ದವಡೆ ನೆಟ್ಟಗೇ ಇಳಿಯುತ್ತೆ, ಮೂರು ಬೆರಳೂ ಹಿಡಿಸಿತು, ಸದ್ಯ. ರಾತ್ರಿ ಹಲ್ಲು ಕಡೀತೀನಂತೆ, ಯಜಮಾನ್ರು ಹತ್ತು ವರ್ಷದಿಂದ ಕೇಳಿಸ್ಕೊಂಡು ಸುಮ್ಮನಿದ್ದರಂತೆ!

ಮೊದಲ ಎರಡು ವಾರ ಅಳು ಬರೋ ಹಾಗಿತ್ತು. ಬಾಯಿ ಮುಚ್ಚಿ ಗಮಕ ಮಾಡೋಕೆ ಹೋದ್ರೆ ಬರೀ ನೆಟ್ಟಗಿನ ಸ್ವರ. ಕಲ್ಯಾಣಿ, ತೋಡಿ ಎಲ್ಲ ಪಕ್ಕಕ್ಕಿಟ್ಟು ಮಾಯಾಮಾಳವಗೌಳಕ್ಕೆ ವಾಪಸ್ ಹೋದೆ, ಏಳು ವರ್ಷದ ಮಕ್ಕಳ ಜೊತೆ ಜಂಟಿ ವರಸೆ. ಹೆಬ್ಬೆರಳು ಗದ್ದದ ಕೆಳಗೆ. ಮೂರನೇ ವಾರದಲ್ಲಿ ಒಂದು ದಿನ ಒಗ್ಗರಣೆ ಹಾಕ್ತಾ ಗುನುಗ್ತಿದ್ದಾಗ ಗಂಟಲಲ್ಲಿ ಏನೋ ತಾನಾಗೇ ಜಾರಿದ ಹಾಗಾಯ್ತು, ಗಾಂಧಾರ ಅಲ್ಲಾಡಿತು. ಗದ್ದ ಮುಟ್ಟಿ ನೋಡ್ಕೊಂಡೆ, ಸುಮ್ಮನಿತ್ತು. ಸಾಸಿವೆ ಸೀದು ಹೋಯ್ತು.

ಶ್ರುತಿ ವಿಷಯದಲ್ಲಿ ಟೀಚರ್ ಹತ್ತಿರ ಮಾತಾಡೋಕೆ ಹೆದರಿಕೆಯಾಗ್ತಿತ್ತು. ಮೆಲ್ಲಗೆ "ಮೇಡಂ, ಮನೇಲಿ ನಾಲ್ಕೂವರೆಯಲ್ಲಿ ಅಭ್ಯಾಸ ಮಾಡ್ಲಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನಾನೂ ನಿನ್ನ ವಯಸ್ಸಲ್ಲಿ ಇಳಿಸಬೇಕಿತ್ತು" ಅಂದ್ರು. ಅಷ್ಟೇ ಹೇಳಿದ್ದು, ಮುಂದೆ ಕೇಳೋಕೆ ಧೈರ್ಯ ಬರಲಿಲ್ಲ. ಈಗ ತರಗತಿಯಲ್ಲೂ ನನ್ನೊಬ್ಬಳಿಗೆ ಬೇರೆ ತಂಬೂರಿ ಹಾಕ್ತಾರೆ.

ನಿನ್ನೆ ಮತ್ತೆ ವಿಡಿಯೊ ಮಾಡಿಸಿದೆ, ಅದೇ ಕಲ್ಯಾಣಿ, ನಾಲ್ಕೂವರೆಯಲ್ಲಿ. ಈ-ಕಾರ ಸ್ವಲ್ಪ ವಾಲಿಸಿದ್ದು ನನಗೇ ಗೊತ್ತಾಗಲಿಲ್ಲ. ದವಡೆ ಗಾಂಧಾರದವರೆಗೂ ಮಧ್ಯದಲ್ಲೇ ಇದೆ. ಮಧ್ಯಮಕ್ಕೆ ಹೋದ್ರೆ ಇನ್ನೂ ಸರಿಯುತ್ತೆ, ಮೊದಲಿಗಿಂತ ಕಡಿಮೆ. ಎಡ ಹುಬ್ಬು ಮಾತ್ರ ಹಾಗೇ ಇದೆ, ಇಳಿಯೋ ಲಕ್ಷಣವೇ ಇಲ್ಲ.

ಹಳೇ ಮೇಷ್ಟ್ರು, ಮೈಸೂರು

ಹುಬ್ಬಿಗೂ ಗಂಟಲಿಗೂ ಸ್ನಾಯುವಿನ ನಂಟಿಲ್ಲ, ಅದನ್ನು ಅದರ ಪಾಡಿಗೆ ಬಿಡಿ. ಆ 25ರಲ್ಲಿ ಹುಬ್ಬಿಗೆ ಬೇರೆ ಹೆಸರೂ ಇಲ್ಲ. ಮಧ್ಯಮಕ್ಕೆ ಈಗಲೇ ಕೈ ಹಾಕಬೇಡಿ, ಇನ್ನೊಂದು ತಿಂಗಳು ಗಾಂಧಾರದಲ್ಲೇ ನಿಲ್ಲಿ.

ಖಡಕ್ ರೊಟ್ಟಿ, ಹುಬ್ಬಳ್ಳಿ

ಅಕ್ಕಾರ, ವಿಡಿಯೊ ಬ್ಯಾಡ, ಆಡಿಯೊ ಹಾಕ್ರಿ. ಮುಖ ನಾವು ಮೊದಲಿಂದನೂ ಕೇಳಿಲ್ಲ.